ಹಸಿದು ಕೇಳಿದ ಹಾಡು

"ಹಸಿದು ಹಲಸು, ಉಂಡು ಮಾವು" ಎಂಬ ಗಾದೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನವರಿಗಂತೂ ಅದು ಬರಿಯ ಗಾದೆಯಲ್ಲ, ವರ್ಷವರ್ಷದ ಅನುಭವ. ಹಲಸಿಗೆ ಹೆಸರಾದ ಈ ಹೋಬಳಿಯಲ್ಲಿ ಕಾಯಿ ಬಲಿಯುವುದನ್ನು ಕಾಯುವುದೇ ಒಂದು ವ್ರತ. ಹಣ್ಣಿನ ಕಂಪು ಮನೆಯನ್ನೆಲ್ಲ ತುಂಬಿದ ದಿನ ಅದನ್ನು ನಡುವೆ ಇಟ್ಟು, ಕೈಗೆ ಎಣ್ಣೆ ಹಚ್ಚಿಕೊಂಡು, ಮನೆಮಂದಿಯೆಲ್ಲ ಸುತ್ತಲೂ ಕುಳಿತು ತೊಳೆ ಬಿಡಿಸುವುದು ಮತ್ತೊಂದು ಸಂಭ್ರಮ. ಮೊದಲು ಕಾಯಬೇಕು, ಆಮೇಲೆ ಸುತ್ತ ಕೂಡಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಹಲಸಿನ ರುಚಿ ಪೂರ್ಣವಾಗದು. ಕಲೆಯ ವಿಷಯದಲ್ಲಿಯೂ ಈ ಮಾತು ನಿಜವೆಂದು ನನಗೆ ತೋರುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವರು ಮಾತ್ರ ನಮ್ಮ ಹಿರಿಯ ರಸಿಕರಲ್ಲ, ರಾಕ್ ಸಂಗೀತದ ಹುಚ್ಚು ಹಿಡಿದ ತರುಣರು.

ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವನಿಗೆ ಈ ತರುಣರ ಪರಿಚಯ ತಾನಾಗಿ ಆಗುತ್ತದೆ. ತರಗತಿಯಲ್ಲಿ ಗುಬ್ಬಿಯ ಮಲ್ಲಣಾರ್ಯನ 'ಭಾವಚಿಂತಾರತ್ನ'ದ ಪ್ರಸ್ತಾಪ ಮುಗಿಯುತ್ತಲೇ ಅವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಹೊರಡುತ್ತಾರೆ. ಪರೀಕ್ಷೆಯ ದಿನ ಮರೆತೀತು, ತಮ್ಮ ಮೆಚ್ಚಿನ ವಾದ್ಯವೃಂದದ ಹೊಸ ಆಲ್ಬಮ್ ಹೊರಬರುವ ದಿನ ಮರೆಯದು. ಇವರನ್ನು ಕಂಡು ಮೂಗು ಮುರಿಯುವ ಹಿರಿಯರು ಬಹಳ. ಆದರೆ ಈ ಗುಬ್ಬಿ ಸೀಮೆಯಲ್ಲಿ ಮೂಗು ಮುರಿಯುವ ಮುನ್ನ ಸ್ವಲ್ಪ ಹಿಂದಿನ ಕಥೆಯನ್ನು ನೆನೆಯುವುದು ಒಳ್ಳೆಯದು.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆ ನಾಡೇ ಬಲ್ಲ ಗುಬ್ಬಿ ಕಂಪೆನಿಯಾಯಿತು. 'ಸದಾರಮೆ'ಯ ಕಳ್ಳನಾಗಿ ವೀರಣ್ಣನವರು ರಂಗಕ್ಕೆ ಬಂದರೆ ಜನ ನಕ್ಕು ನಕ್ಕು ಹಣ್ಣಾಗುತ್ತಿದ್ದರು. ಕಂಪೆನಿ ಬರುತ್ತದೆಂದರೆ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರು, ಬೆಳಗಾಗುವವರೆಗೆ ನಾಟಕ ನೋಡಿ ಮರುದಿನ ಹೊಲದಲ್ಲಿ ತೂಕಡಿಸುವವರು, ಕಂಡ ಪದಗಳನ್ನೇ ಗುನುಗುತ್ತ ಕೆಲಸ ಕೆಡಿಸುವವರು ಇದ್ದೇ ಇದ್ದರು. ರಂಗದ ಹಾಡುಗಳು ಗ್ರಾಮಾಫೋನ್ ತಟ್ಟೆಗಳಲ್ಲಿ ಬಂದಾಗ, ಒಂದೊಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷವಷ್ಟೇ ಹಿಡಿಯುವ ಆ ತಟ್ಟೆಗಾಗಿಯೂ ಜನ ಕಾದರು. ಪೆಟ್ಟಿಗೆ ಇದ್ದ ಮನೆಯ ಜಗುಲಿಯ ಸುತ್ತ ಊರೇ ಕೂಡಿತು. ಅಂದು ಅವರನ್ನೂ "ನಾಟಕದ ಹುಚ್ಚಿನಿಂದ ಕೆಟ್ಟವರು" ಎಂದು ಬಯ್ದವರುಂಟು. ಹುಚ್ಚು ಹಳೆಯದೇ, ತಟ್ಟೆ ಮಾತ್ರ ಹೊಸದು.

ಇಂದಿನ ಹುಚ್ಚಿನ ಒಂದು ನಿದರ್ಶನವನ್ನು ನೋಡೋಣ. ಮೆಟಾಲಿಕಾ ಎಂಬ ಅಮೆರಿಕದ ವಾದ್ಯವೃಂದ 1981ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿತು. ಮೊದಲ ಆಲ್ಬಮ್ ಬಂದದ್ದು 1983ರಲ್ಲಿ. ಮೊದಮೊದಲು ವರ್ಷಕ್ಕೊಂದು, ಎರಡು ವರ್ಷಕ್ಕೊಂದು ಬರುತ್ತಿದ್ದ ಆಲ್ಬಮ್ಮುಗಳ ನಡುವಣ ಅಂತರ ಕ್ರಮೇಣ ಹಿಗ್ಗುತ್ತ ಹೋಯಿತು. 2008ರ ಸೆಪ್ಟೆಂಬರಿನಲ್ಲಿ 'ಡೆತ್ ಮ್ಯಾಗ್ನೆಟಿಕ್' ಬಂದ ಮೇಲೆ ವೃಂದದ ಸ್ವಂತ ಹಾಡುಗಳ ಮುಂದಿನ ಪೂರ್ಣ ಸಂಪುಟಕ್ಕೆ 2016ರ ನವೆಂಬರ್ ಆಗಬೇಕಾಯಿತು. ಅದರ ಮುಂದಿನದು '72 ಸೀಸನ್ಸ್'; ಅದು ಬಂದದ್ದು 2023ರ ಏಪ್ರಿಲ್ 14ರಂದು. 2022ರ ನವೆಂಬರ್ 28ರಂದು ಒಂದೇ ಒಂದು ಹಾಡನ್ನು ಹೊರಬಿಟ್ಟು, ಅದೇ ದಿನ ಸಂಪುಟದ ಹೆಸರನ್ನೂ ಪ್ರವಾಸದ ಊರುಗಳನ್ನೂ ಪ್ರಕಟಿಸಿದರು. ಪೂರ್ಣ ಸಂಪುಟಕ್ಕಾಗಿ ಅಭಿಮಾನಿಗಳು ನಾಲ್ಕೂವರೆ ತಿಂಗಳು ಕಾದರು. ಅಗುಳು ಹಿಸುಕಿ ಅನ್ನ ನೋಡುವಂತೆ ಮುಂಚಿತವಾಗಿ ಹೊರಬಂದ ಹಾಡುಗಳಿಂದಲೇ ಇಡೀ ಸಂಪುಟದ ಪಾಕವನ್ನು ಊಹಿಸುತ್ತ ಕಾಲ ಕಳೆದರು.

ಆ ಹೆಸರಿನ ಅರ್ಥವನ್ನೂ ಹೇಳಿಬಿಡುತ್ತೇನೆ. ಮನುಷ್ಯನ ಬಾಳಿನ ಮೊದಲ 18 ವರ್ಷಗಳೇ ಅವನನ್ನು ಅವನಾಗಿ ಮಾಡುತ್ತವೆ, ಅಥವಾ ಕೆಡಿಸುತ್ತವೆ ಎಂಬುದು ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡನ ಭಾವನೆ. ವರ್ಷಕ್ಕೆ ನಾಲ್ಕು ಋತುಗಳಂತೆ 18 ವರ್ಷಕ್ಕೆ 72 ಋತುಗಳು. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಆರು ಋತುಗಳಾದ್ದರಿಂದ ಈ ಸಂಖ್ಯೆ 108 ಆಗುತ್ತದೆ, ಜಪಮಾಲೆಗೂ ಸರಿಹೋದೀತು! ಹದಿನೆಂಟು ತುಂಬುವ ಹುಡುಗರಿಗೆ ಪಾಠ ಹೇಳುವವನಿಗೆ ಈ ಕಲ್ಪನೆ ಅಪರಿಚಿತವಲ್ಲ. ಆ ವಯಸ್ಸಿನವರೆಗೆ ಕಿವಿಗೆ ಬಿದ್ದ ಹಾಡು ಆಯುಷ್ಯವಿಡೀ ಬಿಡದು.

ಹಾಡಿಗಿಂತಲೂ ಹೆಚ್ಚು ಕುತೂಹಲವನ್ನು ಕೆರಳಿಸಿದ್ದು ಆ ಪ್ರವಾಸದ ರಂಗ. 2023ರ ಏಪ್ರಿಲ್ 27ರಂದು ಆಂಸ್ಟರ್‌ಡ್ಯಾಮಿನ ಕ್ರೀಡಾಂಗಣದಲ್ಲಿ ಆರಂಭವಾದ ಈ ಕಛೇರಿಗಳಲ್ಲಿ ವೇದಿಕೆ ಮೈದಾನದ ಒಂದು ತುದಿಯಲ್ಲಿರಲಿಲ್ಲ. ನಟ್ಟ ನಡುವೆ, ಬಳೆಯ ಆಕಾರದಲ್ಲಿತ್ತು. ಬಳೆಯ ಒಳಗೂ ಜನ, ಹೊರಗೂ ಜನ. ಒಂದೊಂದು ಊರಿನಲ್ಲಿ ಎರಡೆರಡು ರಾತ್ರಿಯ ಕಛೇರಿ. ಮೊದಲ ರಾತ್ರಿ ನುಡಿಸಿದ ಹಾಡನ್ನು ಎರಡನೆಯ ರಾತ್ರಿ ನುಡಿಸುವಂತಿಲ್ಲವೆಂಬ ಕಟ್ಟಳೆ.

ನಡುವೆ ರಂಗ ಕಟ್ಟುವುದು ಪಾಶ್ಚಾತ್ಯ ವೃಂದಗಳಿಗೂ ಸುಲಭದ ಮಾತಲ್ಲ. ತುದಿಯ ರಂಗಕ್ಕೆ ಬೆನ್ನಿದೆ. ಆ ಬೆನ್ನಿನ ಹಿಂದೆ ಸಾಮಾನು, ಆಳು, ಅವಸರ, ತಪ್ಪು ಎಲ್ಲವನ್ನೂ ಬಚ್ಚಿಡಬಹುದು. ನಡುವಣ ರಂಗಕ್ಕೆ ಬೆನ್ನೇ ಇಲ್ಲ. ಹಾಡುವವನು ಓಡಾಡಿ ಎಲ್ಲ ದಿಕ್ಕಿಗೂ ಮುಖ ತೋರಿಸಿಯಾನು. ಡ್ರಮ್ ಬಾರಿಸುವವನು ಏನು ಮಾಡಬೇಕು? ನಮ್ಮ ತಮಟೆಯವನು ತಮಟೆಯನ್ನು ಹೆಗಲಿಗೆ ತಗುಲಿಸಿಕೊಂಡು ಗಿರ್ರನೆ ತಿರುಗುತ್ತ ಬಾರಿಸಬಲ್ಲ. ಅವರದು ಕುಳಿತು ಬಾರಿಸುವ ವಾದ್ಯ. 1978ರಲ್ಲಿ ಇಂಗ್ಲೆಂಡಿನ 'ಯೆಸ್' ಎಂಬ ವೃಂದ ರಂಗವನ್ನೇ ಮೆಲ್ಲಗೆ ಸುತ್ತುವಂತೆ ಮಾಡಿ ಈ ತೊಡಕನ್ನು ಬಿಡಿಸಿತು. ಮೆಟಾಲಿಕಾದವರು ಬಳೆಯ ಸುತ್ತ ನಾಲ್ಕು ಕಡೆ ನಾಲ್ಕು ಡ್ರಮ್ ಜೋಡಣೆಗಳನ್ನಿಟ್ಟರು. ವಾದಕ ಲಾರ್ಸ್ ಉಲ್ರಿಕ್ ಒಂದರಿಂದ ಇನ್ನೊಂದಕ್ಕೆ ಹೋಗಿ ಕುಳಿತು ನಾಲ್ಕು ದಿಕ್ಕಿನವರಿಗೂ ದರ್ಶನ ಕೊಟ್ಟನು. ನಾದದ ತೊಂದರೆ ಬೇರೆ. ಶಬ್ದ ಕ್ಷಣಕ್ಕೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, 100 ಮೀಟರ್ ಆಚೆ ಕುಳಿತವನಿಗೆ ಪೆಟ್ಟು ಕಣ್ಣಿಗೆ ಮೊದಲು ಕಂಡು, ಕಿವಿಗೆ ಆಮೇಲೆ ಕೇಳುತ್ತದೆ. ಆದ್ದರಿಂದ ಧ್ವನಿವರ್ಧಕಗಳನ್ನು ಎತ್ತರದಲ್ಲಿ ತೂಗುಹಾಕಿ ಸುತ್ತಲೂ ಹಂಚಬೇಕು. 2009ರಿಂದ 2011ರವರೆಗೆ 'ಯು ಟೂ' ಎಂಬ ಐರಿಷ್ ವೃಂದ ಇದಕ್ಕಾಗಿಯೇ ನಾಲ್ಕು ಕಾಲಿನ, ಸುಮಾರು 50 ಮೀಟರ್ ಎತ್ತರದ ಉಕ್ಕಿನ ಚೌಕಟ್ಟನ್ನು ದೇಶದಿಂದ ದೇಶಕ್ಕೆ ಸಾಗಿಸಿತು.

ಇಷ್ಟೆಲ್ಲ ಉಕ್ಕು, ವಿದ್ಯುತ್ತು, ಹಣ ಸುರಿದು ಅವರು ಪಡೆಯಲು ಹೊರಟದ್ದೇನು? ನಡುವೆ ಕಲಾವಿದ, ಸುತ್ತಲೂ ಜನ, ಅಷ್ಟೇ. ತುಮಕೂರು ಸೀಮೆಯ ಯಾವ ಹಳ್ಳಿಯವನಿಗೂ ಇದು ಗೊತ್ತಿರುವ ಸಂಗತಿ. ಗ್ರಾಮದೇವತೆಯ ಜಾತ್ರೆಯಲ್ಲಿ ಬಣ್ಣದ ದೊಡ್ಡ ಮುಖವಾಡ ತೊಟ್ಟ ಸೋಮ ಕುಣಿಯುವಾಗ ಜನ ತಾವಾಗಿಯೇ ಸುತ್ತುಗಟ್ಟುತ್ತಾರೆ. ಹಗ್ಗ ಬೇಡ, ಗೆರೆ ಬೇಡ. ವೀರಗಾಸೆಗೂ ಕೋಲಾಟಕ್ಕೂ ಇದೇ ವೃತ್ತ. ಮೂಡಲಪಾಯದ ಬಯಲಾಟದಲ್ಲಿ ಭಾಗವತರೂ ಮುಖವೀಣೆ ಮದ್ದಳೆಗಳೂ ಹಿಂದೆ ನಿಲ್ಲುವುದರಿಂದ ಆ ಒಂದು ಕಡೆಯನ್ನು ಬಿಟ್ಟು ಮೂರು ಕಡೆ ಜನ ಕೂಡುತ್ತಾರೆ. ಎದುರಿಗೆ ಕುಳಿತವನಿಗೆ ಆಟದೊಡನೆ ಆಟ ನೋಡುವವರ ಮುಖವೂ ಕಾಣುತ್ತದೆ. ಒಬ್ಬನ ನಗೆ ಇನ್ನೊಬ್ಬನಿಗೆ ಹತ್ತುವುದು ಹೀಗೆ.

ಕಂಪೆನಿ ನಾಟಕಗಳು ಬಂದಾಗ ಈ ವೃತ್ತ ಮುರಿಯಿತು. ಪಾರ್ಸಿ ರಂಗಭೂಮಿಯ ಮಾದರಿಯಲ್ಲಿ ಚೌಕಟ್ಟು ಬಂತು, ಪರದೆ ಬಂತು, ಜನ ಒಂದೇ ಕಡೆ ಸಾಲಾಗಿ ಕುಳಿತರು. ಪರದೆಯಿಂದ ಸೊಗಸು ಹೆಚ್ಚಿದುದನ್ನು ಅಲ್ಲಗಳೆಯಲಾಗದು. ಆದರೆ ಕಲಾವಿದನ ಉಬ್ಬು ಚೌಕಟ್ಟಿಗೆ ಹಿಡಿಸುವುದಿಲ್ಲವೆಂಬುದು ಗುಬ್ಬಿ ಕಂಪೆನಿಗೇ ತಿಳಿದಂತೆ ತೋರುತ್ತದೆ. 1934ರ 'ಕುರುಕ್ಷೇತ್ರ'ದಲ್ಲಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು; ಆನೆ ನಡೆದುಬರುವ ರಂಗ ಅರ್ಧ ಬಯಲೇ ಅಲ್ಲವೆ? ಬಾಲ್ಯದಲ್ಲಿ ಆ ಕಂಪೆನಿಯನ್ನು ಸೇರಿ ಬೆಳೆದ ಬಿ. ವಿ. ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿ ಕನ್ನಡ ನಾಟಕವನ್ನು ಚೌಕಟ್ಟಿನಿಂದ ಮತ್ತೆ ಆಕಾಶದ ಕೆಳಗೆ ತಂದರು. ವೀರಣ್ಣನವರು ಕಣ್ಮುಚ್ಚಿದ್ದೂ ಅದೇ 1972ರಲ್ಲಿ.

ಇನ್ನು ಕಾಯುವಿಕೆಯ ಮಾತು. ಭಾರತದ ರಾಕ್ ಅಭಿಮಾನಿಗಳು ಬಹುಕಾಲ ತಟ್ಟೆಗಳನ್ನೂ ಧ್ವನಿಸುರುಳಿಗಳನ್ನೂ ಕೇಳಿಯೇ ತೃಪ್ತಿಪಟ್ಟವರು. ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚಿನಲ್ಲಿ ಐರನ್ ಮೇಡನ್ ಬಂದವು. ಮೆಟಾಲಿಕಾ ಬಂದದ್ದು 2011ರ ಅಕ್ಟೋಬರ್ 30ರಂದು. ಮೊದಲ ಆಲ್ಬಮ್ಮಿನಿಂದ ಎಣಿಸಿದರೆ 28 ವರ್ಷಗಳ ಮೇಲೆ. ಅದಕ್ಕೆ ಎರಡು ದಿನ ಮುಂಚೆ ದೆಹಲಿಯ ಬಳಿಯ ಗುರುಗ್ರಾಮದಲ್ಲಿ ನಡೆಯಬೇಕಾಗಿದ್ದ ಕಛೇರಿ ರದ್ದಾಯಿತು. ನಿರಾಶರಾದ ಜನ ವೇದಿಕೆಗೆ ನುಗ್ಗಿ ಸಾಮಾನುಗಳನ್ನು ಮುರಿದರು. ಕಾಯುವಿಕೆಗೆ ಹೀಗೊಂದು ಕೆಟ್ಟ ಮುಖವೂ ಇದೆಯೆಂಬುದನ್ನು ಮರೆಯಬಾರದು. ಬೆಂಗಳೂರಿನಲ್ಲಿ ಕಛೇರಿ ನಡೆಯಿತು. ಅದರ ಮರುದಿನವೇ ಲೂ ರೀಡ್ ಎಂಬ ಹಿರಿಯ ಹಾಡುಗಾರನೊಡನೆ ಮೆಟಾಲಿಕಾ ಸೇರಿ ಮಾಡಿದ 'ಲುಲು' ಎಂಬ ಹೊಸ ಸಂಪುಟ ಹೊರಬಂತು. ಅದು ಬಹುಮಂದಿ ಅಭಿಮಾನಿಗಳಿಗೆ ಹಿಡಿಸಲಿಲ್ಲ; ಅವರು ಬಾಯ್ತುಂಬ ಬಯ್ದರು. ಆದರೂ ಮುಂದಿನ ಸಂಪುಟಕ್ಕೆ ಕಾಯುವುದನ್ನು ಬಿಡಲಿಲ್ಲ. ಬಯ್ಯುವಷ್ಟು ಸಲಿಗೆ ಇರುವಲ್ಲಿಯೇ ಕಾಯುವಷ್ಟು ಪ್ರೀತಿಯೂ ಇರುತ್ತದೆ.

ಇದು ಪರದೇಶದ ವೃಂದಗಳಿಗಷ್ಟೇ ಸಲ್ಲುವ ಭಾಗ್ಯವೂ ಅಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಸಂಪುಟದಲ್ಲಿ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಡನೆ ಹಾಡಿದಾಗ, ಷರೀಫರ ಹೆಸರನ್ನೇ ಕೇಳದ ನಗರದ ಹುಡುಗರು ಅವನ್ನು ಬಾಯಿಪಾಠ ಮಾಡಿದರು. ಎರಡನೆಯ ಸಂಪುಟ ಬರುವವರೆಗೆ, ಎಂದರೆ 2013ರವರೆಗೆ, ಕಾದರು ಕೂಡ. ತತ್ತ್ವಪದಕ್ಕೆ ಹೀಗೆ ಕಾಯುವ ಕಿವಿ ಸಿಕ್ಕಿತೆಂಬುದು ಸಾಮಾನ್ಯ ವಿಷಯವಲ್ಲ.

ಈಗ ನಮ್ಮ ಹಳ್ಳಿಗಳ ಕಡೆ ತಿರುಗೋಣ. ಪೌರಾಣಿಕ ನಾಟಕದ ಗೀಳು ಈ ಸೀಮೆಯಲ್ಲಿ ಇನ್ನೂ ಆರಿಲ್ಲ. ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ದುರ್ಯೋಧನನ ಪಾತ್ರಕ್ಕೆ ಕೈಯಿಂದಲೇ ಹಣ ತೆತ್ತು ಗದೆ ಹಿಡಿಯುವ ರೈತರೂ ನೌಕರರೂ ಇದ್ದಾರೆ. ಇದು ಹೆಮ್ಮೆಯ ವಿಷಯ. ಆದರೆ ಮೇಷ್ಟರು ಕಲಿಸುವ ಮಟ್ಟುಗಳು ಅಜ್ಜಂದಿರ ಕಾಲದವು. ಆಡುವ ಪ್ರಸಂಗಗಳೂ ಅವೇ. ಮೂಡಲಪಾಯದ ಸ್ಥಿತಿ ಇನ್ನೂ ಕಠಿಣ. ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಅದರ ಅಭ್ಯುದಯಕ್ಕಾಗಿ ಶ್ರಮಿಸಿದರು. ವಿದ್ವಾಂಸರು ಗ್ರಂಥವನ್ನು ಉಳಿಸಿಯಾರು, ಸರ್ಕಾರ ಮಾಸಾಶನವನ್ನು ಕೊಟ್ಟೀತು. ಮುಂದಿನ ಆಟಕ್ಕಾಗಿ ಹಾದಿ ನೋಡುವ ಪ್ರೇಕ್ಷಕನನ್ನು ಇವರಿಬ್ಬರೂ ಒದಗಿಸಲಾರರು. ಹಳೆಯ ಆಟವನ್ನು ಗೌರವದಿಂದ ನೋಡುವವರು ಸಿಗುತ್ತಾರೆ. "ಈ ಸಲ ಹೊಸದೇನು ಕಟ್ಟಿದ್ದೀರಿ?" ಎಂದು ಭಾಗವತರನ್ನು ಕಾಡುವವರು ಸಿಗುವುದಿಲ್ಲ. ಕಾಡುವವರಿಲ್ಲದೆ ಭಾಗವತರು ತಾನೆ ಯಾರಿಗಾಗಿ ಹೊಸ ಪ್ರಸಂಗ ಕಟ್ಟಿಯಾರು?

ಆದುದರಿಂದ ಕಿವಿಗೆ ತಂತಿ ಸಿಕ್ಕಿಸಿಕೊಂಡ ತರುಣನನ್ನು ಬಯ್ಯುವ ಬದಲು ಅವನಿಂದ ಒಂದು ಪಾಠ ಕಲಿಯುವುದು ಮೇಲು. ಅವನಿಗೆ ಕಾಯುವುದು ಗೊತ್ತು. ಕಾದದ್ದು ಕೈಸೇರಿದಾಗ ನಾಲ್ಕು ಜನರೊಡನೆ ಕೂಡಿ ಕೇಳುವುದು ಗೊತ್ತು. ಹಿಡಿಸದಿದ್ದರೆ ಮುಖಕ್ಕೆ ಹೇಳುವುದೂ ಗೊತ್ತು. ಗುಬ್ಬಿ ಕಂಪೆನಿಯನ್ನು ಬೆಳೆಸಿದ ನಮ್ಮ ಅಜ್ಜಂದಿರಲ್ಲಿ ಇದ್ದದ್ದು ಇವೇ ಮೂರು ಗುಣಗಳು. ಮುಂದಿನ ಸುಗ್ಗಿ ಕಳೆದು ಚೇಳೂರಿನ ಸುತ್ತ ನಾಟಕದ ಅಭ್ಯಾಸಕ್ಕೆ ಹಾರ್ಮೋನಿಯಂ ಪೆಟ್ಟಿಗೆ ತೆರೆದಾಗ ಆ ತರುಣನನ್ನೇ ಅಲ್ಲಿಗೆ ಕರೆದೊಯ್ಯಿರಿ. ನಡುವೆ ಮೇಷ್ಟರನ್ನು ಕೂರಿಸಿ, ಸುತ್ತಲೂ ನೀವು ಕೂತು, ಹೊಸ ಮಟ್ಟೊಂದನ್ನು ಕೇಳಿ ನೋಡಿ. ಮೊದಲ ದಿನ ಮೇಷ್ಟರು ನಕ್ಕು ಸುಮ್ಮನಾದಾರು. ಎರಡನೆಯ ವರ್ಷವೂ ಕೇಳಿದರೆ ಯೋಚಿಸಿಯಾರು.