ಗಬ್ಬದ ಹಸುವಿಗೆ ಬೇಸಿಗೆಯಲ್ಲೂ ಹಸಿರು ಬೇಕು

ನಮ್ಮ ಚಳ್ಳಕೆರೆ ಕಡೆ ಮಳೆ ನಂಬಿದ ಬೇಸಾಯ. ನವೆಂಬರಿನಲ್ಲಿ ಶೇಂಗಾ ಕಿತ್ತು ಮುಗಿದರೆ ಮತ್ತೆ ಹಸಿರು ಕಾಣುವುದು ಜೂನ್-ಜುಲೈಗೆ. ಅಲ್ಲಿವರೆಗೆ ದನಕ್ಕೆ ಜೋಳದ ಸಪ್ಪೆ, ಶೇಂಗಾ ಹೊಟ್ಟು, ಇದ್ದವರಲ್ಲಿ ರಾಗಿ ಹುಲ್ಲು. ಹೊಟ್ಟೆಯೇನೋ ತುಂಬುತ್ತದೆ. ಆದರೆ ಬೇಸಿಗೆ ಕೊನೆಗೆ ಈಯುವ ಹಸುಗಳಲ್ಲಿ ಮಾಸು ಬೀಳದೆ ನಿಲ್ಲುವುದು, ಕರು ಬಡಕಲಾಗಿ ಹುಟ್ಟುವುದು, ಒಮ್ಮೊಮ್ಮೆ ಕಣ್ಣೇ ಕಾಣದಿರುವುದು ಉಂಟು. ದೃಷ್ಟಿ ತಾಗಿತು ಅನ್ನುತ್ತಾರೆ. ನನ್ನ ಪ್ರಕಾರ ಮೊದಲು ಗೋದಲಿ ನೋಡಬೇಕು. ಬಿಳಿಚಿದ ಒಣಮೇವಿನಲ್ಲಿ ಎ ಮತ್ತು ಇ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ.

ಹಸಿ ಎಲೆಯಲ್ಲಿ ಕ್ಯಾರೋಟಿನ್ ಎಂಬ ಹಳದಿ ವಸ್ತು ಇದೆ. ದನದ ಕರುಳು ಅದನ್ನು ಎ ಜೀವಸತ್ವ ಮಾಡಿಕೊಳ್ಳುತ್ತದೆ. ಅದು ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ, ಹಗೇವಿನಲ್ಲಿ ಜೋಳ ತುಂಬಿಟ್ಟ ಹಾಗೆ. ಮಳೆಗಾಲದಲ್ಲಿ ಚೆನ್ನಾಗಿ ಮೇದ ಹಸುವಿಗೆ ಈ ದಾಸ್ತಾನು ಎರಡರಿಂದ ನಾಲ್ಕು ತಿಂಗಳು ಬರಬಹುದು. ನಮ್ಮ ಬೇಸಿಗೆ ಅದಕ್ಕಿಂತ ಉದ್ದ. ಹಸುವಿನ ತುಪ್ಪದ ಹಳದಿ ತಿಳಿಯಾಗುತ್ತಾ ಬಂದರೆ ಹಗೇವು ತಳ ಕಾಣುತ್ತಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಎಮ್ಮೆಯಲ್ಲಿ ಈ ಗುರುತು ಸಿಗದು. ಅದು ಕ್ಯಾರೋಟಿನ್ನನ್ನು ಬದಲಿಸಿಕೊಂಡುಬಿಡುತ್ತದೆ, ತುಪ್ಪ ಯಾವಾಗಲೂ ಬಿಳಿ.

ಇ ಜೀವಸತ್ವ ಪತ್ತೆಯಾದದ್ದೇ ಗಬ್ಬದ ಇಲಿಗಳಿಂದ. 1922ರಲ್ಲಿ ಅಮೆರಿಕದ ಇವಾನ್ಸ್ ಮತ್ತು ಬಿಷಪ್ ಸಾಕಿದ ಇಲಿಗಳು ಗಬ್ಬ ಕಟ್ಟುತ್ತಿದ್ದವು, ಮರಿ ಮಾತ್ರ ಹೊಟ್ಟೆಯಲ್ಲೇ ಕರಗುತ್ತಿದ್ದವು. ಹಸಿ ಸೊಪ್ಪು ತಿನ್ನಿಸಿದ ಮೇಲೆ ಮರಿ ಉಳಿದವು.

ಕರು ಬೆಳೆಯುವುದು ಹೆಚ್ಚಾಗಿ ಕೊನೇ ಮೂರು ತಿಂಗಳಲ್ಲಿ. ಈಯುವ ಮುಂಚಿನ ಎರಡು ಮೂರು ವಾರ ತಾಯಿಯ ರಕ್ತದಲ್ಲಿ ಇವೆರಡೂ ಇಳಿಯುತ್ತವೆ. ಯಾಕೆಂದರೆ ಅವು ಗಿಣ್ಣು ಹಾಲಿಗೆ ಹೋಗುತ್ತಿರುತ್ತವೆ. ಹೊಟ್ಟೆಯೊಳಗಿನ ಕರುವಿಗೆ ಮಾಸಿನ ಮೂಲಕ ದಾಟುವುದು ಬಹಳ ಕಮ್ಮಿ. ಅಂದರೆ ಹುಟ್ಟುವಾಗ ಕರು ಬರಿಗೈ, ಅದರ ಗಂಟು ಗಿಣ್ಣಿನಲ್ಲಿದೆ. ಮಾಸು ಬೀಳುವ ತನಕ ಕರು ಬಿಡಬಾರದು ಅನ್ನುವ ರೂಢಿ ಬಿಡಬೇಕು. ಒಂದೆರಡು ಗಂಟೆಯೊಳಗೆ ಕುಡಿಸಿ. 25 ಕೆಜಿ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು. ಕರು ಚೀಪಿದರೆ ಮಾಸು ಬೀಳಲೂ ಅನುಕೂಲ. ನೆಂಟರ ಮನೆಗೆ ಗಿಣ್ಣು ಕಳಿಸುವುದೆಲ್ಲ ಆಮೇಲೆ.

ಹಸಿರು ಎಲ್ಲಿಂದ ತರೋದು ಅಂತೀರಾ? ನಾನು ಬದುವಿನಲ್ಲಿ ನುಗ್ಗೆ ಮತ್ತು ಸುಬಾಬುಲ್, ಬಚ್ಚಲ ನೀರು ಹೋಗುವಲ್ಲಿ ಅಗಸೆ ಗಿಡ ಬೆಳೆಸಿದ್ದೇನೆ. ಜನವರಿಯಿಂದ ಗಬ್ಬದವಕ್ಕೆ ಮಾತ್ರ ದಿನಕ್ಕೆ ಐದಾರು ಕೆಜಿ ಸೊಪ್ಪು, ಉಳಿದವಕ್ಕೆ ಇಲ್ಲ. ಸುಬಾಬುಲ್ ಒಂದನ್ನೇ ಹಾಕಬೇಡಿ, ಅದರಲ್ಲಿ ಮೈಮೋಸಿನ್ ಎಂಬ ವಿಷಾಂಶ ಇದೆ. ಶೇಂಗಾ ಬಳ್ಳಿಯನ್ನು ವಾರಗಟ್ಟಲೆ ಬಿಸಿಲಿಗೆ ಬಿಡದೆ ಹಸಿರು ಬಣ್ಣ ಉಳಿಯುವಂತೆ ಒಣಗಿಸಿ ಒಟ್ಟಿದರೆ ಅದರಲ್ಲೂ ಒಂದಿಷ್ಟು ಉಳಿಯುತ್ತದೆ.

ಸೊಪ್ಪು ಸಿಗದಿದ್ದರೆ ಡಾಕ್ಟರು ಈಯುವ ಮುಂಚೆ ಇಂಜೆಕ್ಷನ್ ಕೊಡುತ್ತಾರೆ. ಇ ಜೊತೆ ಸೆಲೆನಿಯಂ ಇರುತ್ತದೆ, ಹೆಚ್ಚಾದರೆ ಅದು ವಿಷ. ನೀವೇ ತಂದು ಚುಚ್ಚಬೇಡಿ. ಎ ಕೂಡ ಅತಿಯಾದರೆ ಕೆಟ್ಟದ್ದೇ. ಮನೆಯ ಬಸುರಿ ಹೆಂಗಸರಿಗೂ ಈ ಮಾತು ಸಲ್ಲುತ್ತದೆ. ಮೊದಲ ತಿಂಗಳುಗಳಲ್ಲಿ ಎ ಜೀವಸತ್ವದ ಮಾತ್ರೆ ಮಿತಿಮೀರಿದರೆ ಕೂಸಿಗೆ ಊನ ಆಗಬಹುದು. ನುಗ್ಗೆಸೊಪ್ಪಿನ ಸಾರಿಗೆ ಆ ಭಯವಿಲ್ಲ.

ಒಂದು ಎಚ್ಚರಿಕೆ. ಹಸು ಕಂದು ಹಾಕಿದರೆ ಎಲ್ಲಕ್ಕೂ ಜೀವಸತ್ವದ ಕೊರತೆಯೇ ಕಾರಣ ಅಂದುಕೊಳ್ಳಬೇಡಿ. ಬ್ರೂಸೆಲ್ಲಾ ರೋಗವೂ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಕಂದನ್ನೂ ಮಾಸನ್ನೂ ಬರಿಗೈಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿ, ಹಸುವಿನ ರಕ್ತ ಪರೀಕ್ಷೆ ಮಾಡಿಸಿ.