ಪಿಯಾನೋ ಕೊಳ್ಳುವ ಮುನ್ನ ಶ್ರುತಿಯ ಲೆಕ್ಕ ಹಾಕಿ

ಮಳೆಗಾಲದಲ್ಲಿ ವೀಣೆಯ ಶ್ರುತಿ ಕದಲಿದರೆ ವೈಣಿಕರು ಬಿರಡೆ ತಿರುಗಿಸಿ ತಾವೇ ಸರಿಪಡಿಸಿಕೊಳ್ಳುತ್ತಾರೆ. ಪಿಯಾನೋ ನುಡಿಸುವವರಲ್ಲಿ ಹೆಚ್ಚಿನವರಿಗೆ ಈ ಸೌಲಭ್ಯವಿಲ್ಲ. ಸುಮಾರು 230 ತಂತಿಗಳಿರುವ ಈ ವಾದ್ಯವನ್ನು ಶ್ರುತಿಗೊಳಿಸುವುದು ಪ್ರತ್ಯೇಕ ಕಸುಬು. ಆದ್ದರಿಂದ ಪಿಯಾನೋ ಕೊಳ್ಳಹೊರಟವರು ಬೆಲೆಗಿಂತ ಮೊದಲು ವಿಚಾರಿಸಬೇಕಾದದ್ದು, ಅದನ್ನು ಶ್ರುತಿ ಮಾಡಬಲ್ಲವರು ಊರಿನಲ್ಲಿದ್ದಾರೆಯೇ ಎಂಬುದನ್ನು.

ಕರ್ನಾಟಕಕ್ಕೆ ಪಿಯಾನೋ ಹೊಸದಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಸ್ವತಃ ಪಿಯಾನೋ ಅಭ್ಯಾಸ ಮಾಡಿದವರು. ಈಗ ಸಾಮಾನ್ಯ ಕುಟುಂಬಗಳ ಮಕ್ಕಳೂ ಇದನ್ನು ಕಲಿಯುತ್ತಿದ್ದಾರೆ.

ಒಳಗೇನಿದೆ?

ಸುಮಾರು 1700ರಲ್ಲಿ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೋಫೊರಿ ಪಿಯಾನೋವನ್ನು ರೂಪಿಸಿದನು. ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟಲಾಗುತ್ತಿತ್ತು. ಹೇಗೆ ಒತ್ತಿದರೂ ಧ್ವನಿಯಲ್ಲಿ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ. ಪಿಯಾನೋದಲ್ಲಿ ಸಣ್ಣ ಸುತ್ತಿಗೆಗಳು ತಂತಿಯನ್ನು ಬಡಿಯುವುದರಿಂದ ಬೆರಳಿನ ಬಲಕ್ಕೆ ತಕ್ಕಂತೆ ನಾದ ಏರಿಳಿಯುತ್ತದೆ.

ಇಂದಿನ ಪಿಯಾನೋದಲ್ಲಿ ಸಾಮಾನ್ಯವಾಗಿ 88 ಕೀಲಿಗಳಿರುತ್ತವೆ: 52 ಬಿಳಿ, 36 ಕಪ್ಪು. ತಂತಿಗಳ ಒಟ್ಟು ಎಳೆತ 15ರಿಂದ 20 ಟನ್‌ಗಳಷ್ಟು. ಇದನ್ನು ಬೀಡು ಕಬ್ಬಿಣದ ಚೌಕಟ್ಟು ತಾಳಿಕೊಳ್ಳುತ್ತದೆ. ನಾದವನ್ನು ಹೊಮ್ಮಿಸುವುದು ಮಾತ್ರ ಮರದ ತೆಳುವಾದ ನಾದಫಲಕ. ಅದು ತೇವ ಹೀರಿ ಉಬ್ಬಿದಾಗ ತಂತಿ ಬಿಗಿದು ಶ್ರುತಿ ಏರುತ್ತದೆ. ಒಣಗಿ ಕುಗ್ಗಿದಾಗ ಇಳಿಯುತ್ತದೆ. ಯಾರೂ ನುಡಿಸದ ಪಿಯಾನೋ ಕೂಡ ಶ್ರುತಿ ತಪ್ಪುವುದು ಈ ಕಾರಣಕ್ಕೆ.

ಹಳೆಯದನ್ನು ಕೊಳ್ಳುವಾಗ

ಹೊಳೆಯುವ ಮರವನ್ನು ಕಂಡು ಮರುಳಾಗಬಾರದು. ಬಿರಡೆಗಳು ನಾಟಿರುವ ಹಲಗೆ ಸೀಳಿದ್ದರೆ ಅವು ಬಿಗಿ ಹಿಡಿಯಲಾರವು; ಇಂದು ಮಾಡಿದ ಶ್ರುತಿ ಕೆಲವೇ ದಿನಗಳಲ್ಲಿ ಜಾರುತ್ತದೆ. ಇದರ ದುರಸ್ತಿಗೆ ವಾದ್ಯದ ಬೆಲೆಯನ್ನು ಮೀರಿದ ಖರ್ಚು ಬಂದರೂ ಅಚ್ಚರಿಯಿಲ್ಲ. ತಂತಿಯ ತುಕ್ಕು, ನಾದಫಲಕದ ಬಿರುಕು, ಸುತ್ತಿಗೆಗಳ ಸವೆತ, ಗೆದ್ದಲಿನ ಗುರುತು ಇವನ್ನೂ ಪರಿಶೀಲಿಸಬೇಕು. 88 ಕೀಲಿಗಳನ್ನೂ ಒಂದೊಂದಾಗಿ ಒತ್ತಿ ನೋಡಬೇಕು. ಶ್ರುತಿ ಮಾಡುವವರನ್ನೇ ಜೊತೆಗೆ ಕರೆದೊಯ್ಯುವುದು ಉತ್ತಮ. ಆನೆದಂತದ ಕೀಲಿಗಳಿರುವ ಹಳೆಯ ಪಿಯಾನೋ ಬಗ್ಗೆ ಇನ್ನಷ್ಟು ಎಚ್ಚರ ಬೇಕು: ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರಕ್ಕೆ ನಿಷೇಧವಿದೆ.

ಮನೆಗೆ ಬಂದ ಮೇಲೆ

ಸ್ಥಳ ಬದಲಾದ ಪಿಯಾನೋವನ್ನು ಎರಡು ಮೂರು ವಾರ ಹೊಸ ಹವೆಗೆ ಹೊಂದಿಕೊಳ್ಳಲು ಬಿಟ್ಟು, ಬಳಿಕ ಶ್ರುತಿ ಮಾಡಿಸುವುದು ರೂಢಿ. ಆಮೇಲೆ ವರ್ಷಕ್ಕೆ ಎರಡು ಬಾರಿ ಮಾಡಿಸುವುದು ಕ್ಷೇಮ. ಹಲವು ವರ್ಷ ಶ್ರುತಿ ಕಾಣದ ವಾದ್ಯವನ್ನು ಒಮ್ಮೆಲೇ ಏರಿಸಿದರೆ ಹಳೆಯ ತಂತಿ ಹರಿಯುವ ಅಪಾಯವುಂಟು.

ಕಿಟಕಿಯ ಬಿಸಿಲು, ಎ.ಸಿ.ಯ ನೇರ ಗಾಳಿ ಮತ್ತು ಮಳೆನೀರು ಇಳಿಯುವ ಗೋಡೆಯಿಂದ ವಾದ್ಯವನ್ನು ದೂರವಿಡಬೇಕು. ಅದರ ಮೇಲೆ ಹೂದಾನಿ ಬೇಡ. ಕೀಲಿಗಳನ್ನು ಹಿಂಡಿದ ಮೃದುವಾದ ಬಟ್ಟೆಯಿಂದ ಒರೆಸಿದರೆ ಸಾಕು. ಸುತ್ತಿಗೆಗಳ ಉಣ್ಣೆಯ ಹೊದಿಕೆ ನುಸಿಗೆ ಪ್ರಿಯವಾದ ಆಹಾರ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಹಾನಿ ಹೆಚ್ಚು.

ಕರಾವಳಿಯಂತಹ ತೇವದ ಊರುಗಳಲ್ಲಿ, ಶ್ರುತಿ ಮಾಡುವವರು ದೂರದಿಂದ ಬರಬೇಕಾದ ಕಡೆ, ಭಾರದ ಕೀಲಿಗಳುಳ್ಳ ಡಿಜಿಟಲ್ ಪಿಯಾನೋ ಆರಿಸಿಕೊಳ್ಳುವುದರಲ್ಲಿ ಸಂಕೋಚ ಬೇಕಿಲ್ಲ. ಅದಕ್ಕೆ ಶ್ರುತಿಯ ಖರ್ಚಿಲ್ಲ. ಮರದ ಪಿಯಾನೋದ ನಾದ ಅದರಲ್ಲಿ ಪೂರ್ತಿಯಾಗಿ ಸಿಗದು ನಿಜ. ಆದರೆ ಕಲಿಯುವ ಮಗುವಿನ ಕಿವಿ ಪಳಗುವುದು ದಿನವೂ ಕೇಳುವ ಸ್ವರಗಳಿಂದ. ಶ್ರುತಿ ತಪ್ಪಿದ ದುಬಾರಿ ವಾದ್ಯಕ್ಕಿಂತ ಶ್ರುತಿಯಲ್ಲಿರುವ ಸಾಧಾರಣ ವಾದ್ಯವೇ ಆ ಕಿವಿಗೆ ಒಳ್ಳೆಯ ಗುರು.