ಎಲೆ ಉದುರಿದ ಪಾರಿಜಾತವನ್ನು ಕಡಿಯಬೇಡಿ

ಬಿಸಿಲು ಬಲಿಯುತ್ತಿದ್ದಂತೆ ನಿಮ್ಮ ಅಂಗಳದ ಪಾರಿಜಾತ ಎಲೆಯೆಲ್ಲ ಉದುರಿಸಿ ಒಣಕಡ್ಡಿಯಂತೆ ನಿಂತಿದೆಯೇ? "ಗಿಡ ಸತ್ತಿತು, ಕಿತ್ತು ಹಾಕಿ" ಎಂದು ಮನೆಯಲ್ಲಿ ಯಾರಾದರೂ ಹೇಳುತ್ತಿರಬಹುದು. ಸ್ವಲ್ಪ ತಾಳಿ. ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಗಿಡಕ್ಕೆ ಜೀವವಿದೆ ಎಂದೇ ಅರ್ಥ. ಅದು ವಿಶ್ರಾಂತಿ ಪಡೆಯುತ್ತಿದೆ, ಅಷ್ಟೆ.

ಪಾರಿಜಾತ ಎಲೆ ಉದುರಿಸುವ ಜಾತಿಯ ಪೊದೆಗಿಡ. ಹಾಗೇ ಬಿಟ್ಟರೆ ಸಣ್ಣ ಮರವೂ ಆಗುತ್ತದೆ. ಇದು ಮಲ್ಲಿಗೆಯ ಕುಟುಂಬಕ್ಕೆ ಸೇರಿದ್ದು. ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಇದಕ್ಕೆ 'ನಿಕ್ಟ್ಯಾಂತಿಸ್ ಆರ್ಬರ್-ಟ್ರಿಸ್ಟಿಸ್' ಎಂದು ಹೆಸರಿಟ್ಟರು. ರಾತ್ರಿ ಹೂ ಬಿಡುವ ದುಃಖದ ಮರ ಎಂದು ಅದರ ಅರ್ಥ. ಸಂಜೆ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಹೂವಿಗೆ ಈ ಹೆಸರು ಒಪ್ಪುತ್ತದೆಯಾದರೂ, ನೆಲಕ್ಕೆ ಬಿದ್ದ ಹೂವನ್ನೇ ಆರಿಸಿ ದೇವರಿಗೆ ಏರಿಸುವ ನಮ್ಮ ಹೆಂಗಸರು ಇದನ್ನು ದುಃಖದ ಮರವೆಂದು ಒಪ್ಪಲಾರರು! ಸತ್ಯಭಾಮೆಯ ಅಂಗಳದ ಈ ಗಿಡ ರುಕ್ಮಿಣಿಯ ಅಂಗಳದಲ್ಲಿ ಹೂ ಸುರಿಸಿದ ಕಥೆ ನಿಮಗೆ ಗೊತ್ತೇ ಇದೆ.

ನೀರು ಎಷ್ಟು?

ಕಾಡಿನಲ್ಲಿ ಪಾರಿಜಾತ ಒಣ ಗುಡ್ಡಗಳ ಇಳಿಜಾರಿನಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ನೀರಿನ ಕೊರತೆಯಾದಾಗ ಎಲೆಗಳಿಂದ ತೇವ ಆವಿಯಾಗುವುದನ್ನು ತಡೆಯಲು ಅದು ಎಲೆಗಳನ್ನೇ ಕಳಚಿಬಿಡುತ್ತದೆ. ಎಲೆಯಿಲ್ಲದ ಗಿಡ ಕುಡಿಯುವ ನೀರೂ ಕಡಿಮೆ. ಬರಿದಾದ ಗಿಡವನ್ನು ಕಂಡು ಮರುಕದಿಂದ ದಿನವೂ ಬಕೆಟ್ಟುಗಟ್ಟಲೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಗಿಡ ನಿಜವಾಗಿ ಸಾಯುವುದು ಆಗಲೇ. ನೆಲದಲ್ಲಿ ಚೆನ್ನಾಗಿ ಬೇರೂರಿದ ಗಿಡಕ್ಕೆ ಈ ದಿನಗಳಲ್ಲಿ ವಾರಕ್ಕೊಮ್ಮೆ ನೀರು ಸಾಕು. ಚಿಗುರು ಒಡೆದ ಮೇಲೆ ಹೆಚ್ಚಿಸಿ.

ನೆಡುವ ಕ್ರಮ

ಮುಂಗಾರಿನ ಆರಂಭ ನೆಡಲು ಒಳ್ಳೆಯ ಕಾಲ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಿ. ಗೋಡೆಯಿಂದ ಆರೇಳು ಅಡಿ ದೂರವಿರಲಿ. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಜೇಡಿಮಣ್ಣಾದರೆ ಸ್ವಲ್ಪ ಮರಳನ್ನೂ ಸೇರಿಸಿ. ಚಪ್ಪಟೆಯಾದ ಒಣಕಾಯಿಯಲ್ಲಿ ಎರಡು ಬೀಜಗಳಿರುತ್ತವೆ. ಅವುಗಳಿಂದಲೂ ಸಸಿ ಮಾಡಬಹುದು. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳನ್ನು ಮಳೆಗಾಲದಲ್ಲಿ ನೆಟ್ಟೂ ಬೆಳೆಸಬಹುದು. ಅಂಗಳವಿಲ್ಲದವರು ತಳದಲ್ಲಿ ತೂತುಗಳಿರುವ ದೊಡ್ಡ ಕುಂಡದಲ್ಲಿ ಬೆಳೆಸಿ, ಗಿಡವನ್ನು ಕುಳ್ಳಗಿಟ್ಟುಕೊಳ್ಳಬಹುದು.

ಸವರುವುದು ಯಾವಾಗ?

ಪಾರಿಜಾತದ ಹೂಗೊಂಚಲು ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಆದ್ದರಿಂದ ಹೂವಿನ ಕಾಲ ಮುಗಿದ ಮೇಲೆ, ಹೊಸ ಚಿಗುರು ಬರುವ ಮುಂಚೆ, ಅಂದರೆ ಜನವರಿ-ಫೆಬ್ರವರಿಯಲ್ಲಿ, ಉದ್ದ ಬೆಳೆದ ರೆಂಬೆಗಳನ್ನು ಮೂರನೆಯ ಒಂದು ಭಾಗದಷ್ಟು ಸವರಿ. ಒಣಗಿದ ಕಡ್ಡಿಗಳನ್ನು ಬುಡಕ್ಕೇ ತೆಗೆಯಿರಿ. ಮಳೆಗಾಲದ ನಡುವೆ ಕತ್ತರಿ ಹಾಕಬೇಡಿ. ಗೌರಿ ಹಬ್ಬಕ್ಕೆ ಅಂಗಳ ಚೊಕ್ಕಟವಾಗಲೆಂದು ನಮ್ಮ ಮನೆಯಲ್ಲಿ ಒಮ್ಮೆ ಗಿಡವನ್ನು ಸವರಿಸಿದೆವು. ಆ ವರ್ಷ ಹೂವೇ ಕಾಣಲಿಲ್ಲ!

ಸವರಿದ ನಂತರ ಬುಡದ ಮಣ್ಣು ಸಡಿಲಿಸಿ, ಮಳೆ ಆರಂಭವಾದಾಗ ಒಂದು ಬುಟ್ಟಿ ಗೊಬ್ಬರ ಕೊಡಿ. ಎಲೆಗೆ ಕಂಬಳಿಹುಳು ಬಿದ್ದರೆ ಬರಿಗೈಯಲ್ಲಿ ಮುಟ್ಟದೆ ಕಡ್ಡಿಯಿಂದ ಆರಿಸಿ ತೆಗೆಯಿರಿ. ಹಾವಳಿ ಹೆಚ್ಚಾದರೆ ಶೇಕಡ 5ರ ಬೇವಿನ ಬೀಜದ ಕಷಾಯವನ್ನು ಸಂಜೆ ಹೊತ್ತು ಸಿಂಪಡಿಸಿ.

ಶ್ರಾವಣದ ಹೊತ್ತಿಗೆ ಮೊಗ್ಗು ಕಾಣಿಸಿಕೊಳ್ಳುತ್ತದೆ. ಆಗ ರಾತ್ರಿ ಮಲಗುವ ಮುಂಚೆ ಗಿಡದ ಕೆಳಗೆ ಒಂದು ಶುಭ್ರವಾದ ಬಟ್ಟೆ ಹಾಸಿ. ಬೆಳಿಗ್ಗೆ ಹೂವು ಮಣ್ಣಾಗದೆ ಸಿಗುತ್ತದೆ. ಪೂಜೆಗೆ ಬೇಕಾದಷ್ಟು ತೆಗೆದುಕೊಂಡು, ಉಳಿದ ಹೂವಿನ ಕೇಸರಿ ತೊಟ್ಟುಗಳನ್ನು ನೆರಳಲ್ಲಿ ಒಣಗಿಸಿ ಇಡಿ. ಹಿಂದೆ ರೇಷ್ಮೆಗೆ ಬಣ್ಣ ಹಾಕಲು ಬಳಸುತ್ತಿದ್ದುದು ಇದನ್ನೇ. ಬಿಸಿನೀರಿನಲ್ಲಿ ನೆನೆಸಿ ಒಂದು ಕರವಸ್ತ್ರವನ್ನು ಅದ್ದಿ ನೋಡಿ. ಮಕ್ಕಳಿಗೆ ಸೊಗಸಾದ ಪಾಠವಾದೀತು.